ಎಂಟು ಜನರ ಕಮಾನು

ಮನುಷ್ಯನಿಗೆ ಕಾರು ಇರಬೇಕು, ಆದರೆ ಅದರಲ್ಲಿ ಬೇರೆ ಯಾರೂ ಕೂರಬಾರದು ಎಂಬುದು ಒಂದು ಕಾಲಕ್ಕೆ ನನ್ನ ಸಿದ್ಧಾಂತವಾಗಿತ್ತು. ಹೊರಗೆ ಹೇಳಿಕೊಳ್ಳುವಂಥದ್ದಲ್ಲ, ನಿಮ್ಮ ಹತ್ತಿರ ಮುಚ್ಚುಮರೆ ಏಕೆಂದು ಹೇಳುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದಲ್ಲಿ ಮೇಷ್ಟ್ರಾಗಿದ್ದೆ. ಕಡೂರಿನ ನಿವೃತ್ತ ಅಮಲ್ದಾರರೊಬ್ಬರು, ತಮಗಿಂತ ಸ್ವಲ್ಪವೇ ಚಿಕ್ಕ ವಯಸ್ಸಿನ ವಿಲಾಯಿತಿ ಕಾರೊಂದನ್ನು ನನಗೆ ದಾಟಿಸಿದ್ದರು. ಎಂಜಿನ್ ಗಟ್ಟಿ, ಹಾರನ್ನು ಇನ್ನೂ ಗಟ್ಟಿ. ಸವೆದದ್ದು ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನು ಪಟ್ಟಿಗಳು ಮಾತ್ರ. ರಸ್ತೆಯ ಪ್ರತಿ ಗುಂಡಿಯೂ ನೇರವಾಗಿ ಬೆನ್ನುಮೂಳೆಗೇ ಬಂದು ಬಡಿಯುತ್ತಿತ್ತು. ಹಿಂಭಾಗ ಎಡಕ್ಕೆ ಜೋತುಬಿದ್ದು, ಕಾರು ಯಾರದೋ ಗುಟ್ಟನ್ನು ಕಿವಿಗೊಟ್ಟು ಕೇಳುತ್ತಿರುವಂತೆ ಕಾಣುತ್ತಿತ್ತು.

ನಿಜ ಹೇಳಬೇಕೆಂದರೆ ಆ ಕಮಾನಿನಿಂದ ನನಗೆ ಉಪಕಾರವೇ ಆಗುತ್ತಿತ್ತು. ತರೀಕೆರೆಗೆ ಹೊರಟಾಗ ಯಾರಾದರೂ ಕೈ ಅಡ್ಡ ಹಾಕಿದರೆ ಮುಖ ಸಪ್ಪಗೆ ಮಾಡಿಕೊಂಡು, ಹಿಂದೆ ಕಮಾನು ಹೋಗಿದೆ, ಕೂತರೆ ಮುರಿದೇಬಿಡುತ್ತದೆ ಎನ್ನುತ್ತಿದ್ದೆ. ಅವರು 'ಪಾಪ ಮೇಷ್ಟ್ರು' ಎಂದು ಮರುಗುತ್ತಾ ಬಸ್ಸಿಗೆ ಕಾಯುತ್ತಿದ್ದರು. ನಾನು ಆರಾಮವಾಗಿ ಹೋಗುತ್ತಿದ್ದೆ.

ತೊಡಕು ಬಂದದ್ದು ಮನೆಯೊಳಗಿನಿಂದ. ನನ್ನ ಹೆಂಡತಿ ಮಂಗಳ ಯಗಟಿಯವಳು. ಅವಳ ಅಣ್ಣ ಮಹದೇವಣ್ಣ ಒಮ್ಮೆ ನಮ್ಮ ಕಾರಿಗೆ ಒಂದು ಸುತ್ತು ಬಂದು, ಇದನ್ನು ಮೇಷ್ಟ್ರು ಓಡಿಸುತ್ತಾರೋ ತಳ್ಳುತ್ತಾರೋ ಎಂದು ಕೇಳಿದ್ದ. ಅಂದಿನಿಂದ ಅವಳು ತವರಿಗೆ ಕಾರಿನಲ್ಲಿ ಹೋದವಳೇ ಅಲ್ಲ. ಈಗ ಅದೇ ಅಣ್ಣನ ಹೊಸ ಮನೆಯ ಗೃಹಪ್ರವೇಶ. "ಅವನ ಮುಂದೆ ನೆಟ್ಟಗೆ ನಿಂತಿರೋ ಕಾರಲ್ಲಿ ಇಳೀಬೇಕು ಕಣ್ರೀ. ಇಲ್ದಿದ್ರೆ ನಾನೊಬ್ಳೇ ಬಸ್ಸಲ್ಲಿ ಹೋಗ್ತೀನಿ" ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯಿತು.

ಆ ಕಾರಿನ ಬಿಡಿಭಾಗ ನಮ್ಮ ಸೀಮೆಯಲ್ಲಿ ಎಲ್ಲಿಯೂ ಸಿಗುತ್ತಿರಲಿಲ್ಲ. ಕೊನೆಗೆ ತರೀಕೆರೆಯ ರುದ್ರಾಚಾರಿಯ ಕುಲುಮೆಯೇ ಗತಿಯಾಯಿತು. ಆಚಾರಿ ಲಾರಿಯ ಹಳೇ ಪಟ್ಟಿಗಳನ್ನು ಕತ್ತರಿಸಿ, ಕಾಯಿಸಿ, ಬಗ್ಗಿಸಿ ಹೊಸ ಕಮಾನು ಕಟ್ಟುತ್ತೇನೆಂದ. ಅದರ ತುದಿಗಳಿಗೆ ಕೂರಿಸುವ ರಬ್ಬರ್ ಬುಷ್‌ಗಳನ್ನು ಲಾರಿ ಟೈರಿನಲ್ಲೇ ಕೆತ್ತಿಕೊಡುತ್ತೇನೆಂದ. ಎತ್ತಿನ ಗಾಡಿಯವರನ್ನು ಕೇಳುವ ಹಾಗೆಯೇ ನನ್ನನ್ನೂ ಕೇಳಿದ: "ಹಿಂದ್ಗಡೆ ಎಷ್ಟು ಜನ ಕೂರ್ತಾರೆ ಮೇಷ್ಟ್ರೇ? ಭಾರ ನೋಡ್ಕಂಡು ಪಟ್ಟಿ ಹಾಕ್ಬೇಕು."

ಕುಲುಮೆಯ ಸುತ್ತ ನಾಲ್ಕೈದು ಪರಿಚಯದವರು ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಅವರೆದುರು 'ಯಾರೂ ಇಲ್ಲ' ಎನ್ನಲು ನಾಲಿಗೆ ಏಳಲಿಲ್ಲ. ಎಂಟು ಜನ, ದಾರಿಯಲ್ಲಿ ನಿಂತವರನ್ನು ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ ಎಂದುಬಿಟ್ಟೆ. ಹಿಂದಿನ ವಾರವಷ್ಟೇ ನಾನು ದಾರಿಯಲ್ಲಿ ಬಿಟ್ಟುಹೋಗಿದ್ದವನೊಬ್ಬ ಅಲ್ಲೇ ಕೂತಿದ್ದ. ಅವನಿಗೆ ಕೆಮ್ಮು ಬಂತು.

ಆಚಾರಿ ನನ್ನ ಮಾತನ್ನು ಅಕ್ಷರಶಃ ನಂಬಿದ. ಕುಲುಮೆಯಿಂದ ಹೊರಬಂದ ಕಾರು ಗುಮ್ಮಲು ತಲೆ ತಗ್ಗಿಸಿದ ಹೋರಿಯಂತೆ ಹಿಂಭಾಗ ಎತ್ತಿ ನಿಂತಿತ್ತು. ಗೃಹಪ್ರವೇಶದ ದಿನ ಮಂಗಳ ರೇಷ್ಮೆ ಸೀರೆಯುಟ್ಟು ಮಹಾರಾಣಿಯಂತೆ ಹಿಂದಿನ ಸೀಟಿನಲ್ಲಿ ಕೂತಳು. ಕೂತದ್ದು ಅಷ್ಟೇ, ಎಂಟು ಜನರ ಕಮಾನು ಒಬ್ಬಳ ಭಾರಕ್ಕೆ ಬಗ್ಗಲೇ ಇಲ್ಲ. ಚೌಳಹಿರಿಯೂರು ಬರುವಷ್ಟರಲ್ಲಿ ಅವಳ ತಲೆ ಎಷ್ಟು ಸಲ ಕಾರಿನ ಚಾವಣಿಗೆ ಬಡಿಯಿತೋ, ಮುಡಿದ ಮಲ್ಲಿಗೆಯೆಲ್ಲ ಅಪ್ಪಚ್ಚಿ. ಹಿಂದೆ ನಾಲ್ಕು ಕಲ್ಲು ಹೇರೋಣವೇ ಎಂದು ಕೇಳಿದೆ.

"ಕಲ್ಲು ಯಾಕ್ರೀ, ಜನ ಇಲ್ವಾ?" ಎಂದಳು.

ಬಸ್ಸಿಗೆ ಕಾಯುತ್ತಿದ್ದವರ ಮುಂದೆ ಕಾರು ನಿಲ್ಲಿಸಿದೆ. ಜನರನ್ನು ಕರೆದು ಅಭ್ಯಾಸವಿಲ್ಲ. ಹೇಗೋ 'ಬನ್ನಿ' ಎಂದೆ. ಯಾರೂ ಅಲುಗಲಿಲ್ಲ. ಮುದುಕಿಯೊಬ್ಬಳು, "ನಿನ್ ಕಾರಿನ ಕಮಾನು ಹೋಗೈತಂತಲ್ಲಪ್ಪ, ಮುರಿದ ಪಾಪ ನಮಗ್ಯಾಕೆ" ಎಂದಳು. ನನ್ನ ಕೀರ್ತಿ ಅಷ್ಟು ದೂರ ಹಬ್ಬಿದ್ದು ನನಗೆ ಗೊತ್ತಿರಲಿಲ್ಲ. ಮಂಗಳ ಇಳಿದು ಹೋಗಿ ಮುದುಕಿಯ ಕೈ ಹಿಡಿದು ಕರೆತಂದಳು. ಹಿಂದೆಯೇ ಉಳಿದವರೂ ಬಂದರು. ಒಬ್ಬರ ತೊಡೆಯ ಮೇಲೊಬ್ಬರು ಕೂತು ಎಂಟು ಜನರಾದ ಮೇಲೆ ಕಾರು ಮೆಲ್ಲಗೆ ತಗ್ಗಿ, ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಹಿಂದೆ ಎಲೆಅಡಿಕೆ ಕೈ ಬದಲಾಯಿತು, ಮಾತು ಹತ್ತಿತು. ಮುಂದೆ ಬಂದು ಕೂತಿದ್ದ ಮಂಗಳ ಮನಸಾರೆ ನಗುತ್ತಿದ್ದಳು. ಅಷ್ಟು ಸಂತೋಷದ ಪ್ರಯಾಣ ನಾನು ಆವರೆಗೆ ಮಾಡಿರಲಿಲ್ಲ.

ಯಗಟಿಯಲ್ಲಿ ಮಹದೇವಣ್ಣ ಬಾಗಿಲಲ್ಲೇ ನಿಂತಿದ್ದ. ನೆಟ್ಟಗೆ ನಿಂತ ಕಾರನ್ನು ನೋಡಿದ, ಅದರಿಂದ ಒಬ್ಬೊಬ್ಬರಾಗಿ ಇಳಿದ ಜನರನ್ನು ನೋಡಿದ. "ಮೇಷ್ಟ್ರುದು ದೊಡ್ ಮನಸು ಕಣಮ್ಮ" ಎಂದ. ಮಂಗಳ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಆ ನಡಿಗೆ ನೋಡಿ ನನ್ನ ಹೊಟ್ಟೆ ತುಂಬಿತು.

ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಮುಂದಿನ ವಾರವೇ, ಹಿಂದೆ ಜನರಿಲ್ಲದೆಯೂ ಕಾರು ಮೆತ್ತಗೆ ಓಡುವಂತೆ ನಾಲ್ಕು ಪಟ್ಟಿ ತೆಗೆಸಿಬಿಡೋಣವೆಂದು ತರೀಕೆರೆಗೆ ಹೊರಟೆ. ಸುದ್ದಿ ಅಷ್ಟರಲ್ಲಿ ಅಜ್ಜಂಪುರಕ್ಕೂ ಬಂದಿತ್ತು. ಮನೆಯ ಮುಂದೆ ಐದು ಜನ ಕಾದಿದ್ದರು. ದಾರಿಯುದ್ದಕ್ಕೂ ನನ್ನ ಗುಣಗಾನ ಮಾಡಿ, ಕುಲುಮೆಯವರೆಗೂ ಜೊತೆಗೇ ಬಂದರು. ಆಚಾರಿ ಸುತ್ತಿಗೆ ಕೆಳಗಿಟ್ಟು, ಕಮಾನಿಗೆ ಏನಾಯಿತೆಂದು ಕೇಳಿದ. ಐವರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಿಲ್ಲ ಆಚಾರ್ರೇ, ಇನ್ನೆರಡು ಪಟ್ಟಿ ಸೇರಿಸಿ. ಕೆಲವು ಸಲ ಹತ್ತು ಜನ ಆಗ್ತಾರೆ" ಎಂದೆ.