ದಾರ ಕಟ್ಟಿದ ಬದನೆಕಾಯಿ

"ಇನ್ನ ಮ್ಯಾಲೆ ಈ ಹೊಟ್ಟಿ ನಾ ಹೇಳಿದಂಗ ಕೇಳತೈತಿ! ಕೇಳಲಿಲ್ಲಂದ್ರ ನನ್ನ ಹೆಸರು ಸಕ್ರಪ್ಪನ ಅಲ್ಲ!"

ಲಕ್ಷ್ಮೇಶ್ವರದ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕಾರಕೂನನಾಗಿದ್ದ ಸಕ್ರಪ್ಪ ಮುಂಜಾನೆ ಹಲ್ಲುಜ್ಜುವ ಮೊದಲೇ ಹೀಗೊಂದು ಪ್ರತಿಜ್ಞೆ ಮಾಡಿದ. ಕೇಳಲು ಇದ್ದವರು ಇಬ್ಬರೇ, ಹೆಂಡತಿ ಫಕ್ಕೀರವ್ವ ಮತ್ತು ಹಿತ್ತಲಿನ ಎಮ್ಮೆ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಫಕ್ಕೀರವ್ವ ಮಾತ್ರ ಕಸಬರಿಗೆ ಕೆಳಗಿಟ್ಟು ಕೇಳಿದಳು:

"ಹಂಗಾದ್ರ ಹೊಸ ಹೆಸರು ಏನಂತ ಇಡೂಣ್ರೀ?"

ಅವಳ ಸಂಶಯಕ್ಕೆ ಕಾರಣವಿತ್ತು. ಇಪ್ಪತ್ತು ವರ್ಷದಿಂದ ಸಂಜೆ ಐದಕ್ಕೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಪ್ಲೇಟು ಮಿರ್ಚಿ ಭಜಿ, ಮೇಲೆ ಎರಡು ಚಹಾ, ರಾತ್ರಿ ಹತ್ತಕ್ಕೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ನಾಲ್ಕು ರೊಟ್ಟಿ, ಕೈ ತೊಳೆದವನೇ ಮಂಚದ ಮೇಲೆ ಅಡ್ಡ. ಇದು ಸಕ್ರಪ್ಪನ ದಿನಚರಿ. ಅದರ ಫಲವಾಗಿ ಎದೆಯಲ್ಲಿ ಉರಿ ಏಳುತ್ತಿತ್ತು, ಹುಳಿತೇಗು ಗಂಟಲಿನ ತನಕ ಬಂದು ಯೋಗಕ್ಷೇಮ ವಿಚಾರಿಸಿ ಹೋಗುತ್ತಿತ್ತು. ಕೊನೆಗೆ ತೋರಿಸಿಕೊಂಡಾಗ ಡಾಕ್ಟರು ಸರಳವಾಗಿ ಹೇಳಿದರು: "ಗುಳಿಗಿ ಆಮ್ಯಾಲೆ ನೋಡೂಣು. ಮೊದಲ ನಿಮ್ಮ ರೂಢಿ ಬದಲು ಮಾಡ್ರಿ. ಖಾರ, ಎಣ್ಣಿ, ಚಹಾ ಕಮ್ಮಿ ಮಾಡ್ರಿ. ಜಲ್ದಿ ಉಣ್ರಿ. ಉಂಡ ಕೂಡಲೆ ಮಲಗಬ್ಯಾಡ್ರಿ, ಒಂದೀಟು ಅಡ್ಡಾಡ್ರಿ. ಮಂಚದ ತಲಿ ಕಡೆ ಎರಡು ಇಟ್ಟಂಗಿ ಇಡ್ರಿ."

ಇಷ್ಟು ಕೇಳಿಕೊಂಡು ಸಕ್ರಪ್ಪ ದವಾಖಾನೆಯಿಂದ ರೋಗಿಯಾಗಿ ಹೊರಬರಲಿಲ್ಲ, ಡಾಕ್ಟರನಾಗಿಯೇ ಹೊರಬಂದ!

ಮೊದಲ ದಿನ ಇಟ್ಟಂಗಿಯನ್ನು ತಲೆಕಡೆ ಬಿಟ್ಟು ಕಾಲುಕಡೆ ಇಟ್ಟ. ಹೊಟ್ಟೆಯೊಳಗಿನ ಹುಳಿಯೆಲ್ಲ ಇಳಿಜಾರು ಸಿಕ್ಕ ಖುಷಿಯಲ್ಲಿ ಗಂಟಲಿಗೇ ಓಡಿ ಬಂತು. ಆದರೂ ಅವನ ಉತ್ಸಾಹ ಕುಂದಲಿಲ್ಲ. ಉಳ್ಳಾಗಡ್ಡಿ ಬೀಜ ಕೇಳಲು ಬಂದ ಸೊರಟೂರಿನ ಪುಂಡಲೀಕಪ್ಪನಿಗೆ ಎಡಮಗ್ಗುಲಲ್ಲಿ ಮಲಗುವುದರ ಮಹತ್ವವನ್ನು ಅರ್ಧ ತಾಸು ಬೋಧಿಸಿದ. ಪುಂಡಲೀಕಪ್ಪ ಕೈಮುಗಿದು ಪಕ್ಕದ ಅಂಗಡಿಯಲ್ಲಿ ಬೀಜ ಕೊಂಡ. ಓಣಿಯಲ್ಲಿ ಯಾರಾದರೂ ತೇಗಿದರೆ ಸಾಕು, ಸಕ್ರಪ್ಪ ಅವರ ಬಾಗಿಲಲ್ಲಿ ಹಾಜರು. ಒಂದು ವಾರದಲ್ಲಿ ಓಣಿಯ ಜನ ಬಾಯಿ ಮುಚ್ಚಿಕೊಂಡು ತೇಗುವುದನ್ನು ಕಲಿತರು.

ಅಷ್ಟರಲ್ಲಿ ರೊಟ್ಟಿ ಹಬ್ಬ ಬಂತು.

ನಾಗರಪಂಚಮಿಗೆ ಮುಂಚಿನ ಈ ಹಬ್ಬದಲ್ಲಿ ನಮ್ಮ ಕಡೆ ದೇವರಿಗಿಂತ ಓಣಿಗೇ ನೈವೇದ್ಯ ಹೆಚ್ಚು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ತರತರದ ಚಟ್ನಿ ಎಲ್ಲ ತಾಟಿನಲ್ಲಿಟ್ಟು ಮನೆಯಿಂದ ಮನೆಗೆ ಕಳಿಸುತ್ತಾರೆ. ಜಾತಿ, ಮತ ಯಾರೂ ಕೇಳುವುದಿಲ್ಲ. ನಿಯಮ ಒಂದೇ: ಬಂದ ತಾಟನ್ನು ಬರಿದಾಗಿ ತಿರುಗಿ ಕಳಿಸಬಾರದು.

ಈ ಸಲದ ಹಬ್ಬದಲ್ಲಿ ಫಕ್ಕೀರವ್ವನ ಜೀವವೇ ಇತ್ತು. ಎದುರುಮನೆಯ ಅಮೃತವ್ವ ಅವಳಿಗೆ ಅಕ್ಕನಿಗಿಂತ ಹೆಚ್ಚು. ಮದುವೆಯಾಗಿ ಬಂದಾಗ ರೊಟ್ಟಿ ತಟ್ಟಲು ಕಲಿಸಿದವಳು, ಎರಡು ಬಾಣಂತನ ಮಾಡಿದವಳು. ಆದರೆ ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳವನ್ನು ಯಾರ ಮನೆಯ ಬೆಕ್ಕು ತುಳಿಯಿತು ಎಂಬ ಘನವಾದ ಪ್ರಶ್ನೆಗೆ ಸಿಕ್ಕಿ ಎರಡು ವರ್ಷ ಮಾತು ನಿಂತಿತ್ತು. ಬೆಕ್ಕು ಸತ್ತೇಹೋಗಿತ್ತು, ಜಗಳ ಬದುಕಿತ್ತು! ಮೂರು ದಿನದ ಹಿಂದೆ ಹಿಟ್ಟಿನ ಗಿರಣಿಯಲ್ಲಿ ಇಬ್ಬರೂ ಪಾಳಿಯಲ್ಲಿ ಹಿಂದೆ ಮುಂದೆ ನಿಂತು, ಹಿಟ್ಟು ಬೀಸುವಷ್ಟರಲ್ಲಿ ಅತ್ತು, ನಕ್ಕು, ಮನೆಯ ಸುಖದುಃಖವನ್ನೆಲ್ಲ ಹೇಳಿಕೊಂಡು ಬಂದಿದ್ದರು.

ಹಬ್ಬದ ದಿನ ಫಕ್ಕೀರವ್ವ ಯಳವತ್ತಿ ಊರಿನಲ್ಲಿದ್ದ ತಂಗಿಗೆ ರೊಟ್ಟಿ ಕೊಟ್ಟು ಬರಲು ಹೊರಟಳು. ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದಳು:

"ಓಣಿ ತಾಟು ಬರತಾವು. ಅದರಾಗಿಂದು ನಮ್ಮ ಬೋಗಾಣ್ಯಾಗ ತಗೀರಿ. ಬುಟ್ಟ್ಯಾಗ ರೊಟ್ಟಿ, ಡಬರ್‍ಯಾಗ ಪಲ್ಲೆ ಮಾಡಿಟ್ಟೇನಿ, ತಾಟಿಗೆ ಎರಡೆರಡ ಹಾಕಿ ಕಳಸ್ರಿ. ಎರಡು ವರ್ಷದ ಮ್ಯಾಲೆ ಅಕ್ಕಾರ ತಾಟು ಬರತೈತಿ. ಹುಷಾರ್ರಿ!"

"ಸಾವಿರ ಚೀಲ ಗೊಬ್ಬರ ಲೆಕ್ಕ ಇಡಾವ ನಾನು. ನಾಲ್ಕ ತಾಟು ಏನ ಮಹಾ!" ಎಂದು ಸಕ್ರಪ್ಪ ಮೀಸೆ ತಿರುವಿದ.

ಗೊಬ್ಬರ ಬೇರೆ, ರೊಟ್ಟಿ ಬೇರೆ. ಮೊದಲು ಬಂದ ಹನಮಪ್ಪನ ಮನೆಯ ತಾಟಿಗೆ ಧಾರಾಳವಾಗಿ ಎಂಟು ರೊಟ್ಟಿ ಹಾಕಿದ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಾಗಿ ಬಂದದ್ದು ಅಮೃತವ್ವನ ತಾಟು. ತಂದವಳು ಅವಳ ಸೊಸೆ ಶೃತಿ.

"ಕಾಕಾರ, ಅತ್ತಿ ಒಂದ ಮಾತು ಹೇಳ್ಯಾರ್ರಿ. ದಾರ ಕಟ್ಟಿದ್ದ ಬದನಿಕಾಯಿ…"

ಸಕ್ರಪ್ಪ ಬಟ್ಟೆ ಸರಿಸಿದ. ಐದು ಎಣ್ಣೆಗಾಯಿ! ಒಳಗಿನ ಮಸಾಲೆ ಹೊರಬಾರದೆಂದೋ ಏನೋ, ಒಂದೊಂದಕ್ಕೂ ಬಿಳಿ ದಾರ ಸುತ್ತಿತ್ತು. ಎಣ್ಣೆಯಲ್ಲಿ ಮಿಂದು ಕುಳಿತ ಅವನ್ನು ನೋಡಿ ಬಾಯಲ್ಲಿ ನೀರೂರಿತು. ನೀರೂರಿದ್ದಕ್ಕೆ ಸಿಟ್ಟು ಬಂತು. ಸಿಟ್ಟು ಬಂದ ಕೂಡಲೇ ಉಪದೇಶವೂ ಬಂತು.

"ನೋಡವಾ ಶೃತಿ, ಈ ಎಣ್ಣಿ ಐತೆಲ್ಲ, ಇದ ಎದಿಉರಿಗೆ ಮೂಲ. ಮನಷ್ಯಾ ನಾಲಿಗಿ ಗೆದ್ದಂದ್ರ…"

"ಹಂಗಲ್ರಿ ಕಾಕಾರ, ಅತ್ತಿ ಹೇಳಿದ್ದು…"

"ನಿಮ್ಮತ್ತಿಗೂ ಹೇಳು, ಉಂಡ ಮ್ಯಾಲೆ ನೂರು ಹೆಜ್ಜಿ ಅಡ್ಡಾಡು ಅಂತ!"

ಶೃತಿ ಎರಡು ಸಲ ಬಾಯಿ ತೆರೆದಳು, ಎರಡು ಸಲ ಮುಚ್ಚಿದಳು. ಉಳಿದಿದ್ದ ರೊಟ್ಟಿಯನ್ನೆಲ್ಲ ತಾಟಿಗೆ ಹಾಕಿಸಿಕೊಂಡು ತಪ್ಪಿಸಿಕೊಂಡರೆ ಸಾಕೆಂದು ಹೋದಳು. ಬುಟ್ಟಿ ಬರಿದಾಯಿತು. ಡಬರಿಯೂ ಬರಿದಾಯಿತು.

ಅದೇ ಹೊತ್ತಿಗೆ ಓಣಿಯ ಕರೀಮಸಾಬನ ಹೆಂಡತಿ ಅಲ್ಮಾಸಬಿ ತಾನೇ ತಾಟು ಹಿಡಿದು ಬಂದಳು. ಬರಿದಾದ ತಾಟು ಕಳಿಸುವಂತಿಲ್ಲ. ಕೊಡಲು ಮನೆಯಲ್ಲಿ ಮಾಡಿದ್ದೇನೂ ಉಳಿದಿಲ್ಲ. ಮೂಲೆಯಲ್ಲಿ ಬದನೆಕಾಯಿಗಳು ಐದು ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದವು. ಆಗ ಸಕ್ರಪ್ಪನ ತಲೆಯಲ್ಲಿ ಮಿಂಚು ಹೊಳೆಯಿತು. ಇವನ್ನು ಅತ್ತ ದಾಟಿಸಿದರೆ ಹಬ್ಬದ ಮರ್ಯಾದೆಯೂ ಉಳಿಯಿತು, ತನ್ನ ವ್ರತವೂ ಉಳಿಯಿತು! ಅಮೃತವ್ವನ ಐದೂ ಎಣ್ಣೆಗಾಯಿ, ಹನಮಪ್ಪನ ಮನೆಯ ನಾಲ್ಕು ರೊಟ್ಟಿ ಅಲ್ಮಾಸಬಿಯ ತಾಟು ಸೇರಿದವು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಸಕ್ರಪ್ಪ ಒಂದು ಲೋಟ ಮಜ್ಜಿಗೆ ಕುಡಿದ.

ನಾಲ್ಕರ ಬಸ್ಸಿಗೆ ಫಕ್ಕೀರವ್ವ ಬಂದು ಚೀಲ ಇಳಿಸಿದ್ದಳಷ್ಟೆ. ಬಾಗಿಲಲ್ಲಿ ಅಮೃತವ್ವ ಬಂದು ನಿಂತಳು. ಕೈಯಲ್ಲಿ ತಾಟು, ತಾಟಿನಲ್ಲಿ ದಾರ ಕಟ್ಟಿದ ನಾಲ್ಕು ಬದನೆಕಾಯಿ, ಬೆನ್ನ ಹಿಂದೆ ಮುಖ ಸಣ್ಣದು ಮಾಡಿಕೊಂಡ ಅಲ್ಮಾಸಬಿ. ಅಮೃತವ್ವ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ ಮಾತಾಡಿದಳು.

"ಫಕ್ಕೀರವ್ವ, ನನ್ನ ಕೈಯಾಗಿನ ತುತ್ತು ಬ್ಯಾಡಾಗಿದ್ರ ಗಿರಣ್ಯಾಗನ ಹೇಳಬಹುದಿತ್ತಲ್ಲವಾ. ಮಂದಿ ಮನಿಗೆ ಯಾಕ ಸಾಗಿಸಿದಿ?"

"ನಂದ ತಪ್ಪಾತ್ರೀ ಅಕ್ಕಾರ," ಎಂದು ಅಲ್ಮಾಸಬಿ ನಡುವೆ ಬಂದಳು. "ಒಂದ ತಿಂದ ನೋಡಿದ್ರ ಬದನಿಕಾಯಾಗ ಖಾರನ ಇಲ್ಲ, ಫಕ್ಕೀರವ್ವಗ ಆರಾಮಿಲ್ಲೇನು ಅಂತ ಕೇಳಾಕ ನಿಮ್ಮ ಹತ್ರ ಬಂದೆ. ನಿಮ್ಮ ಬದನಿಕಾಯಿ ಅಂತ ನನಗೇನ ಗೊತ್ತು?"

ಫಕ್ಕೀರವ್ವನ ಮುಖ ಬಿಳಿಚಿತು. ಅವಳು ಗಂಡನ ಕಡೆ ತಿರುಗಿದಳು. ಇಲ್ಲಿ ಸಕ್ರಪ್ಪ ಮಾಡಿದ್ದನ್ನು ಹೇಳಲು ನಮಗೇ ನಾಚಿಕೆ. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ, "ನನಗೇನ ಗೊತ್ತು? ಹೆಣಮಕ್ಕಳ ಕಾರಭಾರ!" ಎಂದ.

ಫಕ್ಕೀರವ್ವ ಅವನನ್ನು ಬೈಯಲಿಲ್ಲ. ಅಮೃತವ್ವನ ಮುಂದೆ ಕೈಮುಗಿದು, ತಾನು ಮಾಡದ ತಪ್ಪಿಗೆ, "ಅಕ್ಕಾರ, ನನ್ನಿಂದ ತಪ್ಪಾತ್ರಿ, ಹೊಟ್ಯಾಗ ಹಾಕ್ಕೋರಿ," ಎಂದಳು. ಗಿರಣಿಯಲ್ಲಿ ಅತ್ತು ಒಣಗಿದ್ದ ಅವಳ ಕಣ್ಣು ಮತ್ತೆ ತುಂಬಿದವು.

ಸಕ್ರಪ್ಪನ ಎದೆಯಲ್ಲಿ ಉರಿ ಎದ್ದಿತು. ಅದು ಮಿರ್ಚಿಯದಲ್ಲ, ಚಹಾದ್ದೂ ಅಲ್ಲ. ಎಷ್ಟು ಇಟ್ಟಂಗಿ ಇಟ್ಟರೂ ಇಳಿಯುವಂಥದಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು.

"ಅಕೀದು ಏನೂ ತಪ್ಪಿಲ್ರಿ ಅಕ್ಕಾರ!" ಎಂದು ಅವನು ಒಮ್ಮೆಲೇ ಒದರಿದ. "ಅಕಿ ಊರಾಗ ಇರಲೇ ಇಲ್ಲ. ದಾಟಿಸಿದಾವ ನಾನು. ಏನ ಮಾಡ್ಲಿ? ಖಾರ ಅಂದ್ರ ನನಗ ವಿಷ ಆಗೈತಿ. ಕಣ್ಣ ಮುಂದಿದ್ರ ತಿಂದಬಿಡತಿದ್ದೆ…"

ಅಮೃತವ್ವ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಖಾರ ಎಲ್ಲೈತೋ ತಮ್ಮಾ? ನಿನ್ನ ಹೆಂಡತಿ ಗಿರಣ್ಯಾಗ ನಿನ್ನ ಎದಿಉರಿ ಹೇಳಿ ಅತ್ತಿದ್ದಳು. ಅದಕ್ಕ ನಿನ್ನ ಸಲುವಾಗಿ ಐದು ಬದನಿಕಾಯಿ ಬ್ಯಾರೆ ಮಾಡಿದೆ. ಖಾರಪುಡಿ ಮುಟ್ಟಿಸಿಲ್ಲ, ಮ್ಯಾಲೆ ಮಿಂಚೋದು ಬರೇ ಒಂದ ಚಮಚಾ ಎಣ್ಣಿ. ಗುರ್ತ ಸಿಗಲಿ ಅಂತ ದಾರ ಕಟ್ಟಿದೆ. ಶೃತಿ ಹೇಳಲಿಲ್ಲೇನು?"

"ಹೇಳಾಕ ಬಂದಿದ್ದಳ್ರಿ…" ಎಂದು ಸಕ್ರಪ್ಪ ಒಪ್ಪಿಕೊಂಡ. "ನಾ ಹೇಳಗೊಡಲಿಲ್ಲ."

ಓಣಿಗೆಲ್ಲ ಪಥ್ಯ ಸಾರಿದ ಮಹಾಪುರುಷನ ಪಾಲಿಗೆಂದೇ ಇಡೀ ಊರಿನಲ್ಲಿ ಬೆಂದ ಪಥ್ಯದ ಅಡುಗೆ ಅದೊಂದೇ. ಅದನ್ನೇ ಅವನು ಮನೆಯಿಂದ ಓಡಿಸಿದ್ದ! ಸಕ್ರಪ್ಪ ತಲೆ ತಗ್ಗಿಸಿ ನೆಲದ ಮೇಲೆ ಕುಳಿತ.

"ಕುಂತೆಲ್ಲ, ಛಲೋ ಆತು. ಉಣ್ಣು," ಎಂದು ಅಮೃತವ್ವ ತಾಟನ್ನು ಅವನ ಮುಂದೆ ಸರಿಸಿದಳು. ಮೂವರು ಹೆಂಗಸರು ಸುತ್ತ ನಿಂತು ನೋಡುತ್ತಿರಲು ಸಕ್ರಪ್ಪ ನಾಲ್ಕೂ ಬದನೆಕಾಯಿ ತಿಂದ. ಒಂದು ಚೂರೂ ಖಾರವಿರಲಿಲ್ಲ, ಆದರೂ ಕಣ್ಣಲ್ಲಿ ನೀರು ಬಂತು. ಸುಮ್ಮನೆ ಹೇಳಬಾರದು, ಅಷ್ಟು ರುಚಿಯಾದದ್ದನ್ನು ಅವನು ಎಂದೂ ತಿಂದಿರಲಿಲ್ಲ. ಉಂಡ ಮೇಲೆ ಎಲ್ಲರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬರಲು ಫಕ್ಕೀರವ್ವ ಅವನನ್ನು ಅಟ್ಟಿದಳು. ಡಾಕ್ಟರು ಹೇಳಿದ ನೂರು ಹೆಜ್ಜೆಗೆ ಬದಲಾಗಿ ಐದುನೂರು ಆದವು.

ಮರುವಾರ ಶೃತಿ ಮತ್ತೆ ತಾಟು ತಂದಳು. ದಾರ ಕಟ್ಟಿದ ಐದು ಬದನೆಕಾಯಿ. ಸಕ್ರಪ್ಪ ಎರಡೂ ಕೈಯಿಂದ ತಾನೇ ಬಾಯಿ ಮುಚ್ಚಿಕೊಂಡು ನಿಂತ.

"ಕಾಕಾರ, ಅತ್ತಿ ಒಂದ ಮಾತು ಹೇಳ್ಯಾರ್ರಿ. ದಾರ ಎಣಿಸಿ ಕಟ್ಯಾರಂತ. ಐದೂ ದಾರ ತಿರುಗಿ ಬರಬೇಕಂತ, ಇಲ್ಲಂದ್ರ ಓಣಿ ತುಂಬ ಹುಡುಕಾಕ ಬರತಾರಂತ."

ಸಕ್ರಪ್ಪ ಸೂರ್ಯ ಮುಳುಗುವ ಮೊದಲೇ ಉಂಡ. ಐದೂ ದಾರ ತೊಳೆದು, ಒಣಗಿಸಿ, ತಾಟಿನ ನಡುವೆ ಸಾಲಾಗಿ ಇಟ್ಟು, ತಲೆ ತಗ್ಗಿಸಿ ಎದುರುಮನೆಗೆ ಹೊರಟ. ಹಿಂದಿನಿಂದ ಫಕ್ಕೀರವ್ವ ಕೂಗಿದಳು:

"ಅಂತೂ ಬರಿದಾದ ತಾಟು ಕಳಿಸಲಿಲ್ಲ ಬಿಡ್ರಿ!"