ಮೇಜಿನ ಮೇಲಿನ ಕುಂಬಳಕಾಯಿ ಬಸವಣ್ಣ

ಬೀಗರಾಗುವವರು ಊಟಕ್ಕೆ ಕೂತರೆ ಎಲೆ ನೋಡಬಾರದು, ಮೇಜಿನ ನಟ್ಟನಡುವೆ ನೋಡಿ ಬಾಯಿ ಬಿಡಬೇಕು! ಹೀಗೆಂದು ಶಪಥ ಮಾಡಿದವರು ಜೀರಹಳ್ಳಿಯ ವೃಷಭೇಂದ್ರ. ಮೈಸೂರಿನ ಯಾವುದೋ ಛತ್ರದಲ್ಲಿ ತರಕಾರಿ ಕೆತ್ತಿ ಊಟದ ಮೇಜು ಸಿಂಗರಿಸಿದ್ದನ್ನು ಕಂಡು, ಮೊಬೈಲಿನಲ್ಲಿ ವಿಡಿಯೊ ಹಿಡಿದು ತಂದಿದ್ದರು. ಅಂದಿನಿಂದ ಅವರಿಗೆ ಕುಂಬಳಕಾಯಿ ಕುಂಬಳಕಾಯಿಯಾಗಿ ಕಾಣುವುದೇ ನಿಂತುಹೋಯಿತು. ಮೂವತ್ತು ವರ್ಷ ತರಕಾರಿ ಬೆಳೆದ ಮನುಷ್ಯನಿಗೆ, ಅದನ್ನು ತಿನ್ನುವುದು ಗಮಾರತನ, ನೋಡುವುದು ನಾಗರಿಕತೆ ಎಂಬ ಜ್ಞಾನೋದಯ ಮೊಬೈಲಿನ ಐದು ನಿಮಿಷದ ವಿಡಿಯೊದಲ್ಲಿ ಆಗಿಬಿಟ್ಟಿತು.

ಮಗಳು ರಂಜಿತಳನ್ನು ನೋಡಿ ಮೆಚ್ಚಿದ್ದ ಹಾಸನೂರಿನವರು ಸೋಮವಾರ ಊಟಕ್ಕೆ ಬರುವವರಿದ್ದರು. ಅವರಲ್ಲಿ ಪದ್ಧತಿ ಸರಳ. ಹುಡುಗನ ಕಡೆಯವರು ಉಂಡು ಕೈ ತೊಳೆದರೆ ಸಂಬಂಧ ಗಟ್ಟಿ. ಉಣ್ಣದೆ ಎದ್ದರೆ ಮತ್ತೆ ಆ ಮಾತೇ ಇಲ್ಲ. ಹುಡುಗ ಶಿವಶಂಕರ ರಂಜಿತಳ ಮನಸ್ಸಿಗೂ ಬಂದಿದ್ದ. ಹಾಗಾಗಿ ಹೆಂಡತಿ ಶಿವನಂಜಮ್ಮನ ಚಿಂತೆಯೆಲ್ಲ ಸಾರಿನ ಮೇಲೆ. ಗಂಡನ ಚಿಂತೆಯೆಲ್ಲ ಹಂಸದ ಮೇಲೆ.

ಮೂಲಂಗಿಯ ಹಂಸ ಕತ್ತು ಮುರಿದುಕೊಂಡು ಸತ್ತಿತು. ಕ್ಯಾರೆಟ್ಟಿನ ನವಿಲು ಪುಕ್ಕ ತರಿದ ಕೋಳಿಯಂತೆ ತಟ್ಟೆಯಲ್ಲಿ ಮಲಗಿತು. ಶಿವನಂಜಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು.

“ಲಿಂಗ ಕಟ್ದವ್ರ ಮನೇಲಿ ಕೋಳಿ ಬಡ್ಸುದ್ರು ಅಂತ ತಾಳಮಲೆಗಂಟ ಸುದ್ದಿ ಓಯ್ತದ. ಸಾರಿಗಾದ್ರೂ ನಾಕು ಕಾಯಿ ಉಳ್ಸಿ.”

“ಅಡುಗ ಎಲ್ರೂ ಮಾಡ್ತಾರ ಕಣಮ್ಮಿ. ಇದು ಕಲೆ.”

“ಕಲೆ ಒಗುದ್ರ ಓಯ್ತದ. ಮಗಳ ಸಂಬಂಧ ಓದ್ರ ತಿರ್ಗಿ ಬತ್ತದಾ?”

ಆಗ ವೃಷಭೇಂದ್ರರಿಗೆ ಹೊಳೆದದ್ದು ಬಸವಣ್ಣ. ಶಿವಭಕ್ತರ ಮನೆಯಲ್ಲಿ ನಂದಿಗೆ ತಕರಾರು ತೆಗೆಯುವವರು ಯಾರು? ಬೂದುಗುಂಬಳದ ಮೈ, ನವಿಲುಕೋಸಿನ ತಲೆ, ಕ್ಯಾರೆಟ್ಟಿನ ಕೊಂಬು, ಬೆನ್ನ ಮೇಲೆ ಅರ್ಧ ಬೀಟ್‌ರೂಟಿನ ಹಿಣಿಲು. ಇಡೀ ಭಾನುವಾರ ಅದಕ್ಕೇ ಹೋಯಿತು. ಕೂಲಿಯವರು ಬಿಸಿಲಲ್ಲಿ ಬೆನ್ನು ಬಗ್ಗಿಸಿ ಕಿತ್ತು ತಂದ ಒಂದು ಮೂಟೆ ತರಕಾರಿ ಚೂರುಚೂರಾಗಿ ಗೊಬ್ಬರದ ಗುಂಡಿ ಸೇರಿತು. ಆ ಕೂಲಿಯವರಿಗೆ ಅಂದು ಮಧ್ಯಾಹ್ನ ಸಿಕ್ಕಿದ್ದು ಅನ್ನ, ಉಪ್ಪಿನಕಾಯಿ. ಕಲೆ ಅರಳುವುದು ಯಾವತ್ತೂ ಇನ್ನೊಬ್ಬರ ಬೆನ್ನ ಮೇಲೆಯೇ ತಾನೆ!

ಸೋಮವಾರ ತಾಳವಾಡಿಯಲ್ಲಿ ಶಾಮಿಯಾನ ಹಾಕುವ ಪಂದಲ್ ಅಂಗಡಿಯಿಂದ ಉದ್ದನೆಯ ಮೇಜು, ಬಿಳಿ ಬಟ್ಟೆ, ಕುರ್ಚಿಗಳು ಬಾಡಿಗೆಗೆ ಬಂದವು. ಸುತ್ತ ಬಾಳೆಲೆ, ನಡುವೆ ಬಸವಣ್ಣ. ಮೊದಲು ಒಳಗೆ ಬಂದವರು ಹುಡುಗನ ಅಜ್ಜಿ ಪುಟ್ಟಮಲ್ಲಮ್ಮ. ಅವರ ಮಾತಿಗೆ ಆ ಮನೆಯಲ್ಲಿ ಎದುರಾಡುವವರಿಲ್ಲ. ಅಜ್ಜಿ ಮೇಜಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿದರು. ಚಪ್ಪಲಿ ಬಿಟ್ಟರು. ಸೊಂಟದ ಚೀಲದಿಂದ ವಿಭೂತಿ ತೆಗೆದು ಕುಂಬಳಕಾಯಿಗೆ ಮೂರು ಬೆರಳು ಎಳೆದು ಕೈ ಮುಗಿದರು. ಹಿಂದೆ ಬಂದ ಹನ್ನೆರಡು ಮಂದಿಯೂ ಕೈ ಮುಗಿದರು. ವೃಷಭೇಂದ್ರರ ಎದೆ ಎರಡಂಗುಲ ಉಬ್ಬಿತು. ಕೂತುಕೊಳ್ಳಿ ಎಂದರು. ಯಾರೂ ಕೂರಲಿಲ್ಲ.

“ದೇವ್ರ ಸುತ್ತ ಎಲ ಆಕಂಡು ಎಂಜ್ಲು ಮಾಡಾದಾ?” ಎಂದರು ಅಜ್ಜಿ.

ಬರೀ ತರಕಾರಿ, ಎತ್ತಿ ಒಳಗಿಡುತ್ತೇನೆ ಎಂದು ವೃಷಭೇಂದ್ರ ತೊದಲಿದರು.

“ಈಬತ್ತಿ ಬಿದ್ದ ಮ್ಯಾಕ ತರಕಾರಿ ಎಲ್ಲಿ ಬಂತು ಕಣಪ್ಪ?”

ಆದರೂ ಎತ್ತಿದರು. ಕಡ್ಡಿ ಚುಚ್ಚಿ ನಿಲ್ಲಿಸಿದ್ದ ತಲೆ ಕಳಚಿ ಬಲಕ್ಕೆ ಬಿತ್ತು, ಉರುಳಿತು, ಅಜ್ಜಿಯ ಎದುರಿನ ಎಲೆಯ ಮೇಲೆ ಹೋಗಿ ನಿಂತಿತು. ಶುಭಕಾರ್ಯದ ದಿನ ದೇವರ ತಲೆ! ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಲಿ ಹುಡುಕತೊಡಗಿದರು. ಬಾಗಿಲ ಮರೆಯಲ್ಲಿ ರಂಜಿತ ತುಟಿ ಕಚ್ಚಿ ನಿಂತಳು. ಮಹಾಶಿಲ್ಪಿಯಾದರೋ, ತಲೆಯಿಲ್ಲದ ಕುಂಬಳಕಾಯಿಯನ್ನು ಕೂಸಿನಂತೆ ಅಪ್ಪಿಕೊಂಡು, ತಮಗೂ ತಲೆಯಿಲ್ಲದವರಂತೆ ನಿಂತಿದ್ದರು.

ಸೌಟು ಹಿಡಿದೇ ಹೊರಬಂದ ಶಿವನಂಜಮ್ಮ ಗಂಡನನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ಇನ್ನೂ ಹತ್ತು ಕುಂಬಳಕಾಯಿ ಒಡೆಯಬಹುದಿತ್ತು. ಆಮೇಲೆ ಅಜ್ಜಿಯತ್ತ ತಿರುಗಿದರು.

“ಅವ್ವಾ, ಯಾವ ಕಡಗ ಬಿತ್ತು?”

“ಬಲಗಡಗ.”

“ಗುಡೀಲಿ ದೇವ್ರು ಬಲಗಡ ಊ ಕೊಟ್ರ ಒಪ್ಗ ಅಂತೀವಿ. ಇಲ್ಲಿ ತಲೇನೇ ಕೊಟ್ಟವ್ನ, ಅದೂ ನಿಮ್ಮ ಎಲಗೇ. ಇನ್ನೇನು ಕೇಳೀರಿ?”

ಅಜ್ಜಿ ಎಲೆಯ ಮೇಲಿನ ತಲೆಯತ್ತ ಬಗ್ಗಿ ನೋಡಿದರು. ಒಂದೇ ಒಂದು ಹೂವಿಗಾಗಿ ಗುಡಿಯಲ್ಲಿ ಅರ್ಧ ದಿನ ಕಾದು ಬರಿಗೈಯಲ್ಲಿ ಮರಳಿದವರು ಅವರು. ಕೊನೆಗೆ ಹೂಂ ಎಂದರು. ಆದರೆ ಪ್ರಸಾದ ಕೆಡಬಾರದು, ಪೂರ್ತಿ ಸಾರಿಗೆ ಬೀಳಬೇಕು ಎಂದು ಅಪ್ಪಣೆಯಾಯಿತು. ಈಳಿಗೆಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಮ್ಮ ಕಲಾಕೃತಿಯನ್ನು ತಾವೇ ಹೋಳು ಮಾಡಿದವರು ಯಾರೆಂದು ಬೇರೆ ಹೇಳಬೇಕೆ? ಬಾಡಿಗೆಯ ಮೇಜು ಗೋಡೆಗೆ ಒರಗಿತು. ಜಗಲಿಯ ನೆಲದ ಮೇಲೆ ಪಂಕ್ತಿ ಕೂತಿತು. ಹಾಸನೂರಿನವರು ಎರಡೆರಡು ಸಲ ಸಾರು ಬಡಿಸಿಕೊಂಡು ಉಂಡರು. ಒಬ್ಬೊಬ್ಬರಾಗಿ ಎದ್ದು ಕೈ ತೊಳೆದರು. ರಂಜಿತ ಒಳಗೆ ಉಸಿರು ಬಿಟ್ಟದ್ದು ಜಗಲಿಗೆ ಕೇಳಿಸಿತು.

ಇಷ್ಟಾದರೂ ಮನುಷ್ಯನಿಗೆ ಬುದ್ಧಿ ಬರಬೇಡವೆ? ಅಜ್ಜಿಯ ಕೈಗೆ ನೀರು ಹಾಕುತ್ತಾ ವೃಷಭೇಂದ್ರ ಮೆಲ್ಲಗೆ, ಕೆತ್ತನೆ ಹೆಂಗಿತ್ತು ಎಂದು ಕೇಳಿಯೇಬಿಟ್ಟರು.

“ಬಲು ಚೆಂದಾಗಿತ್ತು ಕಣಪ್ಪ,” ಎಂದರು ಪುಟ್ಟಮಲ್ಲಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. “ಗಣಪ್ಪನ ಸೊಂಡ್ಲು ಒಂದು ಒಸಿ ಮೋಟಾಯ್ತು, ಅಷ್ಟೆಯ.”