‘ಎಲ್ಲರೂ’ ಎಂಬ ಗುಂಪಿಗೆ ಆಡಿನ ತಂದೆಯ ವಿಜ್ಞಾಪನೆ

ಮಾನ್ಯ ಗುಂಪಿನವರೇ,

ಫೋಬೋರ್ ಪಟ್ಟಣದ ಶಾಲೆಯೊಂದರ ಆರನೇ ‘ಬಿ’ ತರಗತಿಯ ಮಕ್ಕಳ ಫೋನುಗಳಲ್ಲಿ ‘ಎಲ್ಲರೂ’ ಎಂಬ ಉದಾರ ನಾಮಧೇಯದಿಂದ ನೆಲೆಸಿ, ಹಗಲಿರುಳೆನ್ನದೆ ಸಮಾಜಸೇವೆಯಲ್ಲಿ ತೊಡಗಿರುವ ತಮಗೆ, ಟೀರಾ ಎಂಬ ಹುಡುಗಿಯ ತಂದೆಯೂ ಇದೇ ಊರಿನ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನೂ ಆದ ಟೋರ್ಕಿಲ್ ಲಿಂಡೆಗೋರ್ ತಲೆಬಾಗಿ ಸಲ್ಲಿಸುವ ವಂದನೆಗಳು. ಇಂಥ ಮಾತನ್ನು ಮನೆ ಬಾಗಿಲಿಗೆ ಬಂದು ಆಡುವುದೇ ಮರ್ಯಾದೆಯಾದರೂ, ತಮಗೆ ಬಾಗಿಲೂ ಇಲ್ಲ, ಬಾಗಿಲು ತೆಗೆದು ‘ಏನ್ರೀ’ ಎನ್ನುವ ಮುಖವೂ ಇಲ್ಲವಾದ್ದರಿಂದ, ಊರಿನ ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ಮೊದಲಿಗೆ ತಮ್ಮ ಶ್ರಮಶೀಲತೆಗೆ ನನ್ನ ಅಭಿನಂದನೆ. ನಮ್ಮ ಕಾಲದಲ್ಲಿ ಈ ಕೆಲಸವನ್ನು ಪ್ರೇಬೆನ್ ಎಂಬ ಒಬ್ಬನೇ ಹುಡುಗ ಹೊತ್ತುಕೊಂಡಿದ್ದ. ಪಾಪ, ಅವನ ಕಷ್ಟ ಒಂದೆರಡಲ್ಲ: ಫೆಬ್ರವರಿಯ ಕತ್ತಲಲ್ಲಿ ಏಳಬೇಕು, ಎದುರುಗಾಳಿಯಲ್ಲಿ ಸೈಕಲ್ ತುಳಿಯಬೇಕು, ಶಾಲೆಯ ಗೇಟಿನ ಬಳಿ ಕಾದು ನಿಲ್ಲಬೇಕು, ಬರಿಗೈಯಲ್ಲಿ ಹಿಮವನ್ನು ಉಂಡೆಕಟ್ಟಿ ನನ್ನ ಕುತ್ತಿಗೆಯ ಹಿಂಭಾಗದಿಂದ ಅಂಗಿಯೊಳಕ್ಕೆ ಇಳಿಬಿಡಬೇಕು. ನನಗೆ ಬೆನ್ನು ಮರಗಟ್ಟಿದರೆ ಅವನಿಗೆ ಬೆರಳು ಮರಗಟ್ಟುತ್ತಿತ್ತು. ನೆಗಡಿ ಇಬ್ಬರಿಗೂ ಸಮಪಾಲು. ಮಧ್ಯಾಹ್ನ ಗಂಟೆ ಬಾರಿಸಿದರೆ ಅವನ ಪಾಳಿ ಮುಗಿಯಿತು. ಭಾನುವಾರ ರಜೆ, ಬೇಸಿಗೆಯಲ್ಲಿ ದೀರ್ಘ ರಜೆ. ತಾವಾದರೋ, ವಾರಕ್ಕೆ ಮೂವತ್ತೇಳು ಗಂಟೆಗಿಂತ ಒಂದು ನಿಮಿಷ ಹೆಚ್ಚು ದುಡಿಸಿಕೊಂಡರೂ ಕಾರ್ಮಿಕ ಸಂಘ ಬಾವುಟ ಹಿಡಿದು ಬರುವ ಈ ನಾಡಿನಲ್ಲಿ, ಊಟದ ಹೊತ್ತು, ನಿದ್ದೆಯ ಹೊತ್ತು, ಕ್ರಿಸ್ಮಸ್ಸಿನ ಹೊತ್ತು ಎನ್ನದೆ ದುಡಿಯುತ್ತಿದ್ದೀರಿ. ಆಡು ಮುಟ್ಟದ ಸೊಪ್ಪಿಲ್ಲ, ತಾವು ಮುಟ್ಟದ ಹೊತ್ತಿಲ್ಲ. ದಯಮಾಡಿ ಒಂದು ಸಂಘಕ್ಕೆ ಸೇರಿರಿ. ಸಂಘವೇ ತಮಗೆ ಐದು ವಾರಗಳ ಕಡ್ಡಾಯ ರಜೆ ಕೊಡಿಸೀತು.

ಆಡಿನ ಮಾತು ಬಂತು. ತಮ್ಮ ಸೇವೆ ನನ್ನ ಮಗಳತ್ತ ಹರಿದದ್ದು ಬೆಳಗಿನ ಹಾಡಿನ ಹೊತ್ತಿನಲ್ಲಿ. ಇಡೀ ಶಾಲೆ ಸಭಾಂಗಣದಲ್ಲಿ ನಿಂತು ಹಾಡುತ್ತಿದ್ದಾಗ ಮೂರನೆಯ ಚರಣಕ್ಕೆ ಎಲ್ಲರೂ ನಿಲ್ಲಿಸಿದರು. ನಾಲ್ಕನೆಯ ಚರಣವಿರುವುದು ಗೊತ್ತಿದ್ದವಳು ಟೀರಾ ಒಬ್ಬಳೇ. ಅವಳಿಗೆ ಹಾಡುವಾಗ ಕಣ್ಣು ಮುಚ್ಚುವ ಅಭ್ಯಾಸ. ಕಣ್ಣು ಮುಚ್ಚಿಕೊಂಡೇ ಅರ್ಧ ಚರಣ ಒಬ್ಬಳೇ ಹಾಡಿದಳು, ಮೇಲಿನ ಸ್ವರದಲ್ಲಿ ಗಂಟಲು ಸ್ವಲ್ಪ ಒಡೆಯಿತು, ಕಣ್ಣು ಬಿಟ್ಟಳು. ಪ್ರೇಬೆನ್ ಆಗಿದ್ದರೆ ಪಕ್ಕದಲ್ಲಿ ನಿಂತು ಒಮ್ಮೆ ‘ಮ್ಯಾ’ ಎಂದು ನಕ್ಕು, ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಮರೆಯುತ್ತಿದ್ದ. ತಾವು ಅದನ್ನು ಮರೆಯಲು ಬಿಡಲಿಲ್ಲ. ಯಾರೋ ಚಿತ್ರ ಹಿಡಿದರು, ಇನ್ಯಾರೋ ಅದಕ್ಕೆ ಆಡಿನ ದನಿ ಜೋಡಿಸಿದರು, ಮತ್ತೊಬ್ಬರು ಕೊಂಬು ಗಡ್ಡ ಬರೆದರು. ಅಲ್ಲಿಂದಾಚೆಗೆ ಗಣಿತದ ಹೋಂವರ್ಕಿನ ಪ್ರಶ್ನೆಗೂ ತಮ್ಮಲ್ಲಿ ಉತ್ತರ ಅದೇ ಆಡು. ಆಡಿಕೊಳ್ಳುವವರಿಗೆ ಆಡೇ ಸಿಕ್ಕಿಬಿಟ್ಟರೆ ಬೇರೆ ಮೇವೇಕೆ?

ಇದರಲ್ಲಿ ತಮ್ಮ ದೊಡ್ಡ ಸಾಧನೆಯೆಂದರೆ ಶಬ್ದವೇ ಇಲ್ಲದಿರುವುದು. ಬೆಳಗಿನ ಹಾಡು ಮುಗಿದು ತರಗತಿಗೆ ಬಂದೊಡನೆ ಮಕ್ಕಳ ಫೋನುಗಳೆಲ್ಲ ತರಗತಿಯ ಮೂಲೆಯ ಬೀರುವಿಗೆ ಹೋಗಿ ಬೀಗ ಹಾಕಿಸಿಕೊಳ್ಳುವುದರಿಂದ, ಹಗಲಿಡೀ ಆರನೇ ‘ಬಿ’ ಒಂದು ಋಷ್ಯಾಶ್ರಮ. ತರಗತಿಯ ಶಿಕ್ಷಕಿ ಬೆನೆಡಿಕ್ಟೆ ನನಗೆ ಹೆಮ್ಮೆಯಿಂದಲೇ ಹೇಳಿದರು: “ನೋಡಿ ಟೋರ್ಕಿಲ್, ನಮ್ಮಲ್ಲಿ ಜಗಳ ಇಲ್ಲ, ಹೊಡೆದಾಟ ಇಲ್ಲ, ಒಂದು ಕೆಟ್ಟ ಮಾತೂ ನನ್ನ ಕಿವಿಗೆ ಬಿದ್ದಿಲ್ಲ. ಕ್ಷೇಮ ಸಮೀಕ್ಷೇಲಿ ಎಲ್ರೂ ನಗುಮುಖಕ್ಕೇ ಗುರುತು ಹಾಕಿದಾರೆ.” ಟೀರಾಳೂ ಹಾಕಿದ್ದಳು. ಯಾಕಮ್ಮಾ ಎಂದರೆ, “ಅಳುಮುಖಕ್ಕೆ ಹಾಕಿದ್ರೆ ಕ್ಲಾಸಲ್ಲಿ ಎಲ್ರನ್ನೂ ಸುತ್ತ ಕೂರ್ಸಿ, ಮೇಣದಬತ್ತಿ ಹಚ್ಚಿ, ಕೇಕ್ ತಿನ್ಸಿ, ನನ್ ಬಗ್ಗೆ ಮಾತಾಡ್ತಾರಪ್ಪಾ. ಅದಕ್ಕಿಂತ ಮೇಕೆನೇ ವಾಸಿ” ಎಂದಳು. ಆ ಆಡಿನ ಚಿತ್ರವನ್ನು ಯಾರೋ ತೋರಿಸಿದಂದಿನಿಂದ ಬೆಳಗಿನ ಹಾಡಿಗೆ ಅವಳು ತುಟಿ ಮಾತ್ರ ಆಡಿಸುತ್ತಾಳೆ. ಮನೆಯಲ್ಲಿ ಅದನ್ನೂ ಆಡಿಸುವುದಿಲ್ಲ. ಎರಡು ವರ್ಷದವಳಿದ್ದಾಗಿನಿಂದ ಹಾಡದೆ ಹಲ್ಲುಜ್ಜದ ಹುಡುಗಿ ಅವಳು, ಮಾನ್ಯರೇ. ನಮ್ಮ ಸ್ನಾನದ ಕೋಣೆಯಲ್ಲಿ ಈಗ ನೀರಿನ ಸದ್ದು ಮಾತ್ರ.

ಇಷ್ಟೆಲ್ಲ ನನಗೆ ತಿಳಿದದ್ದು ಹೇಗೆಂದು ತಾವು ಅಚ್ಚರಿಪಡಬಹುದು. ಹೆನ್ರಿಯೆಟ್ಟೆಯವರ ಕೃಪೆಯಿಂದ. ಅವರು ತಮ್ಮ ಸದಸ್ಯ ಎಸ್ಕಿಲ್‌ನ ತಾಯಿ, ಪಾಲಕರ ಪ್ರತಿನಿಧಿ. ಯಾರನ್ನೂ ಹೊರಗಿಡಬಾರದು ಎಂಬುದು ಒಂದನೇ ತರಗತಿಯ ಪಾಲಕರ ಸಭೆಯಲ್ಲಿ ನಾವೆಲ್ಲ ಕೈಯೆತ್ತಿ ಒಪ್ಪಿದ ನಿಯಮ. ಹುಟ್ಟುಹಬ್ಬಕ್ಕೆ ಕರೆದರೆ ಇಡೀ ತರಗತಿಯನ್ನು ಕರೆಯಬೇಕು, ಕರೆದರೆ ಇಡೀ ತರಗತಿ ಹೋಗಬೇಕು. ಈ ನಿಯಮದ ಕಾವಲುಗಾರ್ತಿಯಾದ ಹೆನ್ರಿಯೆಟ್ಟೆ ಒಂದು ಸಂಜೆ ಮಗನ ಫೋನು ಕೈಗೆತ್ತಿಕೊಂಡವರು, ‘ಎಲ್ಲರೂ’ ಎಂಬ ಗುಂಪಿನಲ್ಲಿ ಎಲ್ಲರೂ ಇದ್ದು ಟೀರಾ ಒಬ್ಬಳಿಲ್ಲವೆಂದು ಕಂಡು, ಒಳಗೆ ಏನು ಬರೆದಿದೆಯೆಂದು ಒಂದು ಸಾಲೂ ಓದದೆ, ಎದೆಯುಬ್ಬಿ, ಅವಳನ್ನು ಸೇರಿಸಿಯೇಬಿಟ್ಟರು! ನನಗೆ ಫೋನು ಮಾಡಿ, “ಪಾಪ, ಒಂದೇ ಮಗು ಬಿಟ್ಟುಹೋಗಿತ್ತು ನೋಡಿ, ಸೇರಿಸಿಬಿಟ್ಟೆ. ಯಾರೂ ಗಮನಿಸಿರ್ಲೇ ಇಲ್ಲ!” ಎಂದರು. ಧನ್ಯವಾದ ಹೇಳಿದೆ. ಹೇಳುವಷ್ಟರಲ್ಲಿ ಟೀರಾ ಸೋಫಾದ ಮೂಲೆಯಲ್ಲಿ ಮುದುಡಿ ತಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದಳು. ಯಾವ ಪಠ್ಯವನ್ನೂ ಅವಳು ಅಷ್ಟು ಗಮನವಿಟ್ಟು ಓದಿದ್ದನ್ನು ನಾನು ಕಂಡಿರಲಿಲ್ಲ.

ತಾವು ಕೈಗೊಂಡಿದ್ದ ಮುಂದಿನ ಯೋಜನೆಯೂ ಅಲ್ಲಿಯೇ ಇತ್ತು. ಟೀರಾಗೆ ಹನ್ನೆರಡು ತುಂಬುತ್ತಿತ್ತು, ಆಮಂತ್ರಣ ಇಡೀ ತರಗತಿಗೆ ಹೋಗಿತ್ತು. ಹುಟ್ಟುಹಬ್ಬಕ್ಕೆ ಹುಡುಗಿಯ ಆಕಾರದ ಕೇಕು ಮಾಡಿಸಿ, ಅದರ ಕುತ್ತಿಗೆಯನ್ನು ಹುಟ್ಟುಹಬ್ಬದವಳು ಕೊಯ್ಯುವಾಗ ನೆರೆದ ಮಕ್ಕಳೆಲ್ಲ ಗಂಟಲು ಹರಿಯುವಂತೆ ಕಿರುಚುವುದು ನಮ್ಮ ಪದ್ಧತಿಯಷ್ಟೆ. ಈ ಸಲ ಯಾರೂ ಕಿರುಚಕೂಡದು, ಒಟ್ಟಾಗಿ ‘ಮ್ಯಾ’ ಎನ್ನಬೇಕು, ಅವಳ ಮುಖವನ್ನು ಎಲ್ಲ ಕಡೆಯಿಂದಲೂ ಚಿತ್ರ ಹಿಡಿಯಬೇಕು ಎಂದು ತಾವು ತೀರ್ಮಾನಿಸಿದ್ದಿರಿ. ಆ ತೀರ್ಮಾನದ ಕೆಳಗೆ ಹೆಬ್ಬೆಟ್ಟುಗಳ ಸಾಲು. ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದವರು ಓದುಬರಹ ಬಾರದವರು. ಈಗ ಓದುಬರಹ ಬಂದವರೇ ಒತ್ತುತ್ತಾರೆ, ಕೇಳಿದರೆ “ನಾನೇನೂ ಬರ್ದಿಲ್ಲ, ಬರೀ ಹೆಬ್ಬೆಟ್ಟು ಒತ್ತಿದ್ದು” ಎನ್ನುತ್ತಾರೆ. ಗುಂಪಿನಲ್ಲಿ ಗೋವಿಂದ.

ಹಬ್ಬವನ್ನು ನಿಲ್ಲಿಸಿಬಿಡೋಣ ಎಂದು ನನ್ನ ಹೆಂಡತಿ ಬೊಡಿಲ್ ಅಂದಳು. ಯಾರೂ ಬರದಿದ್ದರೆ ಎಂದು ಮಕ್ಕಳು ಅಂಜುವುದನ್ನು ಕೇಳಿದ್ದೆ. ನನ್ನ ಮಗಳದು ಬೇರೆ: “ಎಲ್ರೂ ಬರ್ತಾರಲ್ಲಪ್ಪಾ, ಅದೇ ಭಯ.” ಆಮೇಲೆ, “ಕೇಕ್ ಮಾಡೋರ ಹತ್ರ ನಾನೇ ಬರ್ತೀನಿ” ಎಂದಳು.

ಕೇಕು ಮಾಡುವವನು ಮತ್ತಾರೂ ಅಲ್ಲ, ಪ್ರೇಬೆನ್. ಈಗ ಬಂದರಿನ ಬಳಿ ಬೇಕರಿ ಇಟ್ಟಿದ್ದಾನೆ, ಮೈತುಂಬ ಹಿಟ್ಟು, ಹಿಮದ ಚಾಳಿ ಬಿಟ್ಟಿಲ್ಲವೆನ್ನುವ ಹಾಗೆ. ನನ್ನನ್ನು ಕಂಡರೆ ಇಂದಿಗೂ, “ಏನೋ ಟೋರ್ಕಿಲ್, ಕುತ್ತಿಗೆ ಒಣಗ್ತೇನೋ?” ಎನ್ನುತ್ತಾನೆ, ನಾನು ಬೈಯುತ್ತೇನೆ, ಅವನು ಒಂದು ದಾಲ್ಚಿನ್ನಿ ಬನ್ನು ಹೆಚ್ಚಿಗೆ ಹಾಕುತ್ತಾನೆ. ಅವನಿಗೆ ಮುಖವಿತ್ತು, ಆದ್ದರಿಂದ ಬೈಯಲೂ ಆಯಿತು, ಕ್ಷಮಿಸಲೂ ಆಯಿತು. ತಮ್ಮನ್ನು ಕ್ಷಮಿಸಬೇಕೆಂದು ಮನಸ್ಸು ಮಾಡಿದರೂ, ಸ್ವಾಮಿ, ಯಾರ ಬೆನ್ನು ತಟ್ಟಲಿ? ಅಂದು ಬೇಕರಿಯಲ್ಲಿ ಟೀರಾ ಪ್ರೇಬೆನ್‌ನ ಕಿವಿಯಲ್ಲಿ ಏನೋ ಹೇಳಿದಳು. ಅವನು ನಗಲಿಲ್ಲ. “ಗಡ್ಡಕ್ಕೆ ಜ್ಯೇಷ್ಠಮಧುವಿನ ಕರಿ ಮಿಠಾಯಿ ಹಾಕ್ಲಾ ಮರಿ?” ಎಂದಷ್ಟೇ ಕೇಳಿದ.

ಶನಿವಾರ ತಮ್ಮ ಸದಸ್ಯರೆಲ್ಲ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು, ಬೂಟು ಬಿಚ್ಚಿ ಸಾಲಾಗಿಟ್ಟರು, ನನಗೂ ಬೊಡಿಲ್‌ಗೂ ಕೈಕುಲುಕಿದರು. ಇಷ್ಟು ಸಭ್ಯ ಮಕ್ಕಳನ್ನು ನಾನು ಕಂಡಿಲ್ಲ. ಪುಟ್ಟ ಬಾವುಟಗಳ ನಡುವೆ ಬಂದು ಕೂತದ್ದು ಹುಡುಗಿಯ ಆಕಾರದ ಕೇಕಲ್ಲ, ಕೊಂಬು ಗಡ್ಡಗಳಿದ್ದ ಒಂದು ಭರ್ಜರಿ ಆಡು. ಮೇಲೆತ್ತಿದ ಫೋನುಗಳು ಮೇಲೆಯೇ ನಿಂತವು. ಟೀರಾ ಚಾಕು ಹಿಡಿದಳು. ಕಣ್ಣು ಮುಚ್ಚಲಿಲ್ಲ, ಒಬ್ಬೊಬ್ಬರನ್ನೇ ನೋಡಿದಳು, ಆಡಿನ ಕುತ್ತಿಗೆ ಕೊಯ್ದಳು. ಯಾರೂ ‘ಮ್ಯಾ’ ಅನ್ನಲಿಲ್ಲ. ಯಾರೂ ಕಿರುಚಲೂ ಇಲ್ಲ. “ಯಾಕ್ರೋ?” ಎಂದಳು ಟೀರಾ, “ಫೋನಲ್ಲಿ ಅಷ್ಟೊಂದು ಗಂಟ್ಲಿತ್ತಲ್ಲ!” ಆಗ ಫೋನನ್ನು ಜೇಬಿಗಿಟ್ಟುಕೊಂಡು, ಕಿವಿ ಕೆಂಪಾಗಿಸಿಕೊಂಡು, ಹೆನ್ರಿಯೆಟ್ಟೆಯವರ ಮಗ ಎಸ್ಕಿಲ್ ಒಬ್ಬನೇ, ಪದ್ಧತಿಯಲ್ಲಿ ಹೇಳಿರುವ ಪ್ರಕಾರ, ಗಂಟಲು ಹರಿಯುವಂತೆ ಕಿರುಚಿದ. ಕೊನೆಗೆ ಅವನ ದನಿಯೂ ಒಡೆಯಿತು. ಹನ್ನೆರಡರ ಗಂಟಲು. ಟೀರಾ ನಕ್ಕುಬಿಟ್ಟಳು. ಎರಡು ಕೊಂಬನ್ನೂ ಅವನ ತಟ್ಟೆಗೇ ಹಾಕಿದಳು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಸಣ್ಣದು. ತಾವು ದಯವಿಟ್ಟು ಒಂದೇ ಒಂದು ಸಲ, ಕೈಯಿರುವ, ಕಾಲಿರುವ, ನೆಗಡಿಯಾಗುವ ಒಬ್ಬ ಮನುಷ್ಯನಾಗಿ ಹುಟ್ಟಿ, ಬೆಳಗಿನ ಎದುರುಗಾಳಿಯಲ್ಲಿ ಸೈಕಲ್ ತುಳಿದು ಬಂದು, ನನ್ನ ಮಗಳ ಎದುರಿಗೆ ನಿಂತು, ಅವಳ ಕಣ್ಣು ನೋಡುತ್ತ ‘ಮ್ಯಾ’ ಎನ್ನಬೇಕು. ಅವಳು ತಿರುಗಿ ಏನೆನ್ನುತ್ತಾಳೋ ಕೇಳಿಸಿಕೊಂಡು ಹೋಗಬೇಕು. ಬೇಕಾದರೆ ಹಿಮವನ್ನು ನಾನೇ ಉಂಡೆಕಟ್ಟಿಕೊಡುತ್ತೇನೆ.

ನಿನ್ನೆ ಸ್ನಾನದ ಕೋಣೆಯಿಂದ, ಬಾಯ್ತುಂಬ ನೊರೆಯಿಟ್ಟುಕೊಂಡ ದನಿಯಲ್ಲಿ, ಆ ಹಾಡು ಮತ್ತೆ ಕೇಳಿಸಿತು, ಎರಡು ಚರಣ. ನನ್ನ ಕೈ ನನಗೆ ಗೊತ್ತಿಲ್ಲದೆಯೇ ಫೋನಿಗೆಂದು ಜೇಬಿಗೆ ಹೋಗಿತ್ತು, ಬೊಡಿಲ್ ಹಿಡಿದುಕೊಂಡಳು. ಹೀಗಾಗಿ ಆ ಹಾಡಿಗೆ ನಾವಿಬ್ಬರೇ ಸಾಕ್ಷಿ, ತಮಗೆ ತೋರಿಸಲು ಏನೂ ಇಲ್ಲ.

ಇನ್ನೆರಡು ಚರಣಕ್ಕೆ ಬಾಗಿಲ ಹೊರಗೆ ಕಾದಿರುವ,
ತಮ್ಮ ವಿಶ್ವಾಸಿ,
ಟೋರ್ಕಿಲ್ ಲಿಂಡೆಗೋರ್

ಮರೆತ ಮಾತು: ಟೀರಾ ಸೇರಿದ ಮೇಲೆ ತಮ್ಮಲ್ಲಿ ಯಾರೂ ಒಂದಕ್ಷರ ಬರೆಯುತ್ತಿಲ್ಲವೆಂದೂ, ಪಕ್ಕದಲ್ಲೇ ‘ಎಲ್ಲರೂ ೨’ ಎಂಬ ಚಿರಂಜೀವಿಯ ಜನನವಾಗಿದೆಯೆಂದೂ ತಿಳಿದು ಸಂತೋಷವಾಯಿತು. ಅದರಲ್ಲಿ ಟೀರಾಳ ಜೊತೆಗೆ ಈಗ ಎಸ್ಕಿಲ್ಲೂ ಇಲ್ಲವಂತೆ. ಹೆನ್ರಿಯೆಟ್ಟೆ ಫೋನು ಮಾಡಿ, “ನಮ್ಮ ಹುಡುಗ ಒಬ್ನೇ ಬಿಟ್ಟುಹೋಗಿದಾನೆ ನೋಡಿ, ಹೇಗಾದ್ರೂ ಸೇರಿಸ್ಬೇಕಲ್ಲ” ಎಂದರು. ಅವನು ಆಗಲೇ ನಮ್ಮ ಅಡುಗೆಮನೆಯಲ್ಲಿ ಟೀರಾಳ ಎದುರಿಗೆ ಕೂತು ಗಡ್ಡ ತಿನ್ನುತ್ತಿದ್ದಾನೆ, ಸೇರಿಸಿಯಾಯಿತು ಎಂದೆ. ಆಡಿನ ಹಿಂಭಾಗ ಮಾತ್ರ ಫ್ರೀಜರಿನಲ್ಲಿ ಹಾಗೇ ಉಳಿದಿದೆ. ತಮ್ಮ ಪಾಲೆಂದೇ ತೆಗೆದಿಟ್ಟದ್ದು. ಮುಖ ತೋರಿಸಿ ಒಯ್ಯಬಹುದು.